ಹಾಲಿನ ಪ್ರಶ್ನೆಗೆ ನಾನು ಕೊಟ್ಟ ಉತ್ತರ

ಜಯಮ್ಮನವರೇ, ನೀವು ಕೆಲಸಕ್ಕೆ ಹೋದದ್ದರಿಂದಲೇ ನಿಮ್ಮ ಮಗಳಿಗೆ ಸಕ್ಕರೆ ಕಾಯಿಲೆ ಬಂತು ಎಂಬ ಮಾತನ್ನು ನಿಮ್ಮ ಮನೆಯೊಳಗೆ ತಂದವಳು ನಾನು. ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು—ಆದರೂ...

ತೊಂಬತ್ತರ ದಶಕದ ಮೊದಲ ವರ್ಷಗಳು. ಚಿಕ್ಕ ಮಕ್ಕಳಿಗೆ ಈ ಕಾಯಿಲೆ ಯಾಕೆ ಬರುತ್ತದೆ ಎಂದು ಹುಡುಕುತ್ತಿದ್ದ ವೈದ್ಯರೊಬ್ಬರಿಗಾಗಿ ನಾನು ಮನೆಮನೆ ಸುತ್ತಿ ಫಾರಂ ತುಂಬುತ್ತಿದ್ದೆ. ಮಗುವಿಗೆ ಮಂಗನಬಾವು ಬಂದಿತ್ತೇ? ಕುಡಿಯುವ ನೀರು ನಲ್ಲಿಯದೋ ಬೋರ್‌ವೆಲ್‌ನದೋ? ಹಸುವಿನ ಹಾಲು ಎಷ್ಟನೇ ತಿಂಗಳಿಗೆ ಶುರು? ಅಬ್ಬಾ, ಆ ಕೆಲಸದ ರುಚಿಯೇ! ಫಾರಂನಲ್ಲಿ ಇಲ್ಲದ್ದನ್ನೂ ಕೇಳುತ್ತಿದ್ದೆ, ಅಡುಗೆಮನೆಗೂ ಇಣುಕುತ್ತಿದ್ದೆ. ಒಂದೇ ತಟ್ಟೆಯಲ್ಲಿ ಉಂಡ ಅಣ್ಣ ಗುಂಡುಕಲ್ಲಿನ ಹಾಗಿರುವಾಗ ತಂಗಿಗೆ ಮಾತ್ರ ಯಾಕೆ—ಈ ಪ್ರಶ್ನೆ ನನ್ನ ತಲೆ ಕೊರೆಯುತ್ತಿತ್ತು.

ಬಾಣಸವಾಡಿಯ ನಿಮ್ಮ ಬಾಡಿಗೆ ಮನೆಗೆ ಬಂದಾಗ ರೂಪಾಗೆ ಏಳು ವರ್ಷ. ಫ್ರಿಜ್ ಇಲ್ಲದ ಕಾರಣ ಇನ್ಸುಲಿನ್ ಬಾಟಲಿಯನ್ನು ಮಣ್ಣಿನ ಮಡಕೆಯಲ್ಲಿ ತಂಪಾಗಿ ಇಟ್ಟಿದ್ದಿರಿ. ನಿಮ್ಮ ಅತ್ತೆ ಪಕ್ಕದಲ್ಲೇ ಕೂತಿದ್ದರು. ಹಾಲಿನ ಪ್ರಶ್ನೆಗೆ ನೀವು ತಡವರಿಸಿ, ಆರು ತಿಂಗಳಿಗೆ ಎಂದಿರಿ. ಬರೆದುಕೊಂಡು ಸುಮ್ಮನಿರಬಹುದಿತ್ತು. "ಸರಿಯಾಗಿ ನೆನಪು ಮಾಡ್ಕೊಳ್ಳಿ" ಎಂದು ಕೆದಕಿದೆ. ಉತ್ತರ ಬಂದದ್ದು ಅತ್ತೆಯಿಂದ.

"ಮೂರೇ ತಿಂಗಳು ಕಣಮ್ಮಾ. ಇವಳು ಗಾರ್ಮೆಂಟ್ಸ್‌ಗೆ ಹೊರಟ್ಬಿಟ್ಳು, ನಾನೇ ಹಸುವಿನ ಹಾಲು ಕುಡಿಸ್ದೆ. ಅದಕ್ಕೇ ಬಂತಾ ಇದು?"

"ಇರಬಹುದು" ಎಂದೆ.

ಹಾಲೋ, ಯಾವುದೋ ಜ್ವರವೋ, ಹುಟ್ಟಿನಿಂದಲೇ ಇದ್ದದ್ದೋ—ವೈದ್ಯರಿಗೇ ಗೊತ್ತಿರಲಿಲ್ಲ; ಅದಕ್ಕೇ ತಾನೇ ನನ್ನನ್ನು ಕಳಿಸಿದ್ದು! ಎರಡು ವರ್ಷ ತಾಯಿಯ ಹಾಲು ಕುಡಿದು ಬೆಳೆದ ಮಗುವಿಗೂ ಇದೇ ಕಾಯಿಲೆ ಬಂದದ್ದನ್ನು ಹಿಂದಿನ ವಾರವಷ್ಟೇ ಹಲಸೂರಿನಲ್ಲಿ ನೋಡಿದ್ದೆ. ಆದರೂ ಗೊತ್ತಿಲ್ಲ ಎನ್ನಲು ನಾಚಿಕೆ. ಕೈಯಲ್ಲಿ ಫಾರಂ ಹಿಡಿದು ಬಂದವಳು ಗೊತ್ತಿಲ್ಲ ಅಂದರೆ ಏನು ಮರ್ಯಾದೆ—ಅಂಥ ಜಂಬ ನನಗೆ.

ಮುಂದಿನ ಸಲ ಬಂದಾಗ ನೀವು ಕೆಲಸ ಬಿಟ್ಟಿದ್ದಿರಿ. ಗಾರ್ಮೆಂಟ್ಸ್ ಫ್ಯಾಕ್ಟರಿಯವರು ಸೂಪರ್‌ವೈಸರ್ ಮಾಡುತ್ತೇವೆ ಎಂದಿದ್ದರಂತೆ. "ನಾನು ಮನೇಲೇ ಇದ್ದಿದ್ರೆ ಮಗೂಗೆ ಹೀಗಾಗ್ತಿರ್ಲಿಲ್ಲ ಅಲ್ವಾ ಮೇಡಂ?" ಎಂದು ಕೇಳಿದಿರಿ. ಆಗಲಾದರೂ ಬಾಯಿ ಬಿಡಬೇಕಿತ್ತು. ತಲೆ ತಗ್ಗಿಸಿ ಮುಂದಿನ ಪ್ರಶ್ನೆ ಓದಿದೆ. ರೂಪಾ ಹೈಸ್ಕೂಲು ಮುಗಿಸುವವರೆಗೂ ವರ್ಷಕ್ಕೊಮ್ಮೆ ಬಂದೆ, ನಿಮ್ಮ ಕೈಯ ಕಾಫಿ ಕುಡಿದೆ, ಒಮ್ಮೆಯೂ ಹೇಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಕುತೂಹಲ ಇನ್ನೂ ಹೋಗಿಲ್ಲ. ಮಕ್ಕಳ ವೈದ್ಯರು ಯಾರೇ ಸಿಕ್ಕರೂ ಕೇಳುತ್ತೇನೆ—ಏನಾದರೂ ಗೊತ್ತಾಯಿತೇ? ಅನುಮಾನಗಳು ಹಲವಿವೆ, ಆದರೆ ಇಂಥ ಮಗುವಿಗೆ ಇದರಿಂದಲೇ ಬಂತು ಎಂದು ಯಾರೂ ಹೇಳಲಾರರು. ತಾಯಿಯ ತಪ್ಪು ಎಂದಂತೂ ಯಾರೂ ಹೇಳಿಲ್ಲ. ನನ್ನೊಬ್ಬಳನ್ನು ಬಿಟ್ಟು.

ನಿನ್ನೆ ಶಿವಾಜಿನಗರ ಬಸ್ ನಿಲ್ದಾಣದಲ್ಲಿ ರೂಪಾ ಸಿಕ್ಕಳು. ಹೆಗಲ ಮೇಲೆ ಮೂರು ತಿಂಗಳ ಮಗು. ಎಷ್ಟು ಮುದ್ದಾಗಿದೆ! ಹೆರಿಗೆ ರಜೆ ಮುಗಿಯುತ್ತಾ ಬಂತಲ್ಲ, ಆಫೀಸಿಗೆ ಯಾವಾಗ ಎಂದೆ.

"ಕೆಲಸ ಬಿಡು ಅಂತ ಅಮ್ಮ ಒಂದೇ ಸಮ ಅಳ್ತಿದಾರೆ ಆಂಟಿ. ನಾನು ಮಾಡಿದ ತಪ್ಪು ನೀನು ಮಾಡ್ಬೇಡ ಅಂತಾರೆ. ಸೋಮವಾರ ರಾಜೀನಾಮೆ ಕೊಡ್ತಿದೀನಿ."

ಅಲ್ಲೇ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. ಆಮೇಲೆ, "ನನಗೆ ಹೇಳಿ ಏನು ಪ್ರಯೋಜನ ಆಂಟಿ? ಅಮ್ಮನಿಗೆ ಹೇಳಿ" ಎಂದು ಎದ್ದು ಹೋದಳು.

ನಿಮ್ಮ ಅತ್ತೆ ಈಗಿಲ್ಲವಂತೆ. ಅವರ ಮುಂದೆ ಹೇಳುವ ಅವಕಾಶ ತಪ್ಪಿಹೋಯಿತು. ನೀವು ಕಳೆದುಕೊಂಡ ಕೆಲಸವನ್ನೂ ನಾನು ತಂದುಕೊಡಲಾರೆ. ಭಾನುವಾರ ಬೆಳಿಗ್ಗೆ ಬರುತ್ತೇನೆ. ಒಳಗೆ ಕರೆಯದಿದ್ದರೆ ಹೊಸ್ತಿಲಾಚೆಯೇ ನಿಂತು, ರೂಪಾಗೂ ಕೇಳಿಸುವಂತೆ ಹೇಳುತ್ತೇನೆ—ನನಗೆ ಗೊತ್ತಿರಲಿಲ್ಲ, ಜಯಮ್ಮ. ಗೊತ್ತಿರುವವಳ ಹಾಗೆ ಮಾತಾಡಿದೆ.