ಮುಳುಗಿದ ತೇಲುಗಲ್ಲು

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವವಳು. ಹಿಮ್ಮಡಿ ಒಡೆದು ನರಳುತ್ತಿದ್ದ ಅವ್ವನಿಗೆ ಉಜ್ಜಿಕೊಳ್ಳಲೆಂದು ತೂತುತೂತಿನ ಒಂದು ಬೂದುಗಲ್ಲು ತಂದುಕೊಟ್ಟಿದ್ದೆ. ಕಟ್ಟೆಮಳಲವಾಡಿಯ ನಮ್ಮ ಬಚ್ಚಲಲ್ಲಿ ಅದು ಅವಳ ಕೈಜಾರಿ ಬಕೆಟ್ಟಿಗೆ ಬಿತ್ತು, ಮುಳುಗಲಿಲ್ಲ. ಅವ್ವ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಹಾವು ಬಂತೆಂದು ದೊಣ್ಣೆ ಹಿಡಿದು ಓಡಿಬಂದರು. ಸಂಜೆಯ ಹೊತ್ತಿಗೆ ಹಿಮ್ಮಡಿ ಉಜ್ಜುವ ಕಲ್ಲು ಕುಂಕುಮ ಹಚ್ಚಿಸಿಕೊಂಡು, ದೇವರ ಗೂಡಿನ ಮುಂದೆ ಹಿತ್ತಾಳೆ ಬೋಗುಣಿಯಲ್ಲಿ ತೇಲುತ್ತಿತ್ತು.

ನನಗೆ ರೇಗಿತು. ಕೂರಿಸಿಕೊಂಡು ಪಾಠವನ್ನೇ ಮಾಡಿದೆ. ನೆಲದಾಳದ ಕರಗಿದ ಬಂಡೆಯಲ್ಲಿ ಅನಿಲ ಅಡಗಿರುತ್ತದೆ. ಬಂಡೆ ಮೇಲೇರಿ ಒತ್ತಡ ಇಳಿದಂತೆ ಅದು ಸೋಡಾ ಬಾಟಲಿ ತೆಗೆದ ಹಾಗೆ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಆ ನೊರೆ ಗಟ್ಟಿಯಾದರೆ ಈ ಕಲ್ಲು. ಗುಳ್ಳೆಗಳು ಸಣ್ಣಗೆ ಒತ್ತೊತ್ತಾಗಿದ್ದರೆ ಬಂಡೆ ಸರ್ರನೆ ನುಗ್ಗಿ ಸಿಡಿದಿದೆ ಎಂದರ್ಥ. ದೊಡ್ಡವಿದ್ದರೆ ನಿಧಾನವಾಗಿ ಏರಿದೆ, ಉದ್ದಕ್ಕೆ ಎಳೆದಂತಿದ್ದರೆ ಇಕ್ಕಟ್ಟಿನಲ್ಲಿ ಹರಿದಿದೆ. ಜ್ವಾಲಾಮುಖಿಯೊಳಗೆ ನಡೆದದ್ದು ಗುಳ್ಳೆಯಲ್ಲೇ ಉಳಿದಿರುತ್ತದೆ.

"ಅಂಗಾದ್ರೆ ಇದು ಭೂಮ್ತಾಯಿ ಉಸ್ರು ಅನ್ನು," ಎಂದ ಅವ್ವ ಇನ್ನೊಂದು ಹೂ ಇಟ್ಟಳು.

ಕೆಲವು ತಿಂಗಳಲ್ಲಿ ಅವ್ವನಿಗೇ ಉಸಿರಾಡುವುದು ಕಷ್ಟವಾಯಿತು. ಹುಣಸೂರಿನ ಡಾಕ್ಟರು ಎಕ್ಸ್‌ರೇ ನೋಡಿ, ಶ್ವಾಸಕೋಶದ ಸುತ್ತ ನೀರು ತುಂಬಿದೆ, ಮೈಸೂರಿಗೆ ಕರೆದೊಯ್ದು ತೆಗೆಸಿ, ತಡಮಾಡಿದರೆ ಜೀವಕ್ಕೇ ಅಪಾಯ ಎಂದರು. ನಾಳೆಯೇ ಹೊರಡೋಣ ಎಂದೆ. ಅವ್ವ ಮಾತ್ರ, "ಕಲ್ಲ ಕೇಳ್ತೀನಿ ಬುಡು. ಬೆಳಗ್ಗೆ ತೇಲ್ತಿದ್ರೆ ಬತ್ತೀನಿ," ಎಂದಳು.

ನಮ್ಮ ಕಡೆ ಯಾವ ಕೆಲಸಕ್ಕೂ ದೇವರ ಹತ್ತಿರ ಹೂ ಕೇಳುವುದುಂಟು. ಬಲಗಡೆಯ ಹೂ ಬಿದ್ದರೆ ಅಪ್ಪಣೆಯಾದಂತೆ. ಅವ್ವ ಹೂವಿನ ಬದಲು ಕಲ್ಲನ್ನು ಕೇಳಿದ್ದಳು. ನಾನೂ ಸರಿ ಎಂದೆ. ಇಷ್ಟು ದಿನ ತೇಲಿದ್ದು ನಾಳೆಯೂ ತೇಲುತ್ತದೆ, ಇನ್ನೇನು ಗೆದ್ದ ಹಾಗೆಯೇ ಎಂದುಕೊಂಡೆ.

ಬೆಳಗ್ಗೆ ಕಲ್ಲು ಬೋಗುಣಿಯ ತಳದಲ್ಲಿತ್ತು.

ಇಂಥ ಕಲ್ಲಿನ ಗುಳ್ಳೆಗಳೊಳಗೆ ನೀರು ಮೆಲ್ಲಗೆ ಇಳಿದು ಒಂದು ದಿನ ಅದು ಮುಳುಗುತ್ತದೆ ಎಂದು ಪ್ರತಿವರ್ಷ ಪಾಠ ಮಾಡುವವಳು ನಾನು. ಆದರೂ ಅವ್ವ ಹೋಗಿಬಿಡುತ್ತಾಳೆ ಎಂದೇ ಅನ್ನಿಸಿತು.

"ಮುಳುಗೋಯ್ತಲ್ಲವ್ವ. ನಾ ಬರಾಕಿಲ್ಲ," ಎಂದು ಅವಳು ಗೋಡೆಗೊರಗಿ ಕುಳಿತಳು. ಅಷ್ಟು ಮಾತಿಗೇ ಏದುಸಿರು ಬಂತು.

ನನಗೆ ಏನಾಯಿತೋ ಗೊತ್ತಿಲ್ಲ. ಕಲ್ಲನ್ನು ಬಾಚಿ ಹಿತ್ತಿಲಿಗೆ ಒಯ್ದು ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು ಬಿಟ್ಟೆ. ಕುಂಕುಮ ಹಚ್ಚಿದ್ದ ಕಲ್ಲು ಚೂರಾಯಿತು. ಹಿಂದೆಯೇ ಬಂದ ಅವ್ವ "ಅಯ್ಯೋ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಹೊರಗಿನ ಚೂರುಗಳೆಲ್ಲ ಒದ್ದೆ. ನಡುವಿನ ಒಂದು ಚೂರು ಮಾತ್ರ ಬೆಳ್ಳಗೆ ಒಣಗಿತ್ತು. ಅದನ್ನು ತೊಟ್ಟಿಯ ನೀರಿಗೆ ಹಾಕಿದೆ. ತೇಲಿತು.

"ನೋಡವ್ವ, ಒಳಕ್ಕೆ ನೀರು ಸೇರಿಕೊಂಡಿತ್ತು, ಅಷ್ಟೇಯ. ನಿಂಗೂ ಅಷ್ಟೇಯ."

ಅವ್ವ ಆ ಚೂರನ್ನೂ ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಸುತ್ತಿಗೆಯನ್ನೇ ನೋಡುತ್ತಿದ್ದಳು.

"ನೀರು ತಗಿಯಾಕೆ ನನ್ನ ಎದೆನೂ ಇಂಗೇ ಒಡೀತಾರಾ ಮಗ?"

ಸುತ್ತಿಗೆಯನ್ನು ಕೆಳಗಿಟ್ಟೆ. ಅವಳ ಭಯ ಇದು ಎಂದು ನನಗೆ ಹೊಳೆದೇ ಇರಲಿಲ್ಲ.

"ಇಲ್ಲ ಕಣವ್ವ. ಸೂಜಿ. ಬೆನ್ನಲ್ಲಿ ಒಂದು ಸೂಜಿ ಅಷ್ಟೇಯ."

"ಅದ ಮೊದ್ಲೇ ಯೋಳಕ್ಕೇನಾಗಿತ್ತು ನಿಂಗೆ," ಎಂದು ಬೈದು, ಗೋಡೆ ಹಿಡಿದುಕೊಂಡು ಸೀರೆ ಬದಲಾಯಿಸಲು ಒಳಗೆ ಹೋದಳು.