ಸರೋಜಮ್ಮನ ಕರೆಗಂಟೆ

ಯಲಹಂಕದ ಒಂದು ನರ್ಸಿಂಗ್ ಹೋಮ್‌ಗೆ ಕರೆಗಂಟೆ ಜೋಡಿಸಲು ಹೋಗಿದ್ದೆ. ಕಿಟಕಿ ಪಕ್ಕದ ಹಾಸಿಗೆಯ ಸರೋಜಮ್ಮನವರಿಗೆ ಎರಡೂ ಕೈ ಸ್ವಾಧೀನವಿರಲಿಲ್ಲ. ಗುಂಡಿ ಒತ್ತಲಾಗದೆ, ಉಸಿರು ಕಟ್ಟಿದರೂ ಯಾರಾದರೂ ಬಂದು ನೋಡುವವರೆಗೆ ಕಾಯಬೇಕಿತ್ತು. ಅವರಿಗೆಂದೇ, ಕಲಿಸಿದ ಮಾತು ಕೇಳಿದರೆ ಬಾರಿಸುವ ಗಂಟೆ ತಂದಿದ್ದೆ.

“‘ಯಾರಾದ್ರೂ ಬನ್ನಿ’ ಅನ್ನಿ ಅಮ್ಮ,” ಅಂದೆ.

ಅಂದರು. ದನಿ ದಿಂಬು ದಾಟಲಿಲ್ಲ. ಗಂಟೆ ಸುಮ್ಮನಿತ್ತು.

“ಇನ್ನೂ ಸ್ವಲ್ಪ ಜೋರಾಗಿ.”

“ಅಂಗಲಾಚೋ ಮಾತು ನನ್ ಬಾಯಲ್ಲಿ ಬರಲ್ಲ ಕಣಪ್ಪ. ನಂದೇ ಒಂದು ಮಾತಿದೆ, ಹಾಕ್ತೀಯಾ?”

“ಹೇಳಿ, ಹಾಕ್ತೀನಿ.”

“ಹೋಲ್ಡಾನ್!”

ನನ್ನ ಸ್ಕ್ರೂಡ್ರೈವರ್ ಕೈಜಾರಿತು. ಹೊರಗೆ ಡಾಕ್ಟರು, ಆಯಾ, ಊಟದ ಗಾಡಿ ಎಲ್ಲ ಇದ್ದಲ್ಲೇ ನಿಂತವು. ಆಯಾ ನಕ್ಕು ಹೇಳಿದಳು: “ಯಶವಂತಪುರದ ಬಸ್ಸಲ್ಲಿ ಕಂಡಕ್ಟರಾಗಿದ್ರು ಸಾರ್.”

ಗಂಟೆಗೆ ಅದೇ ಮಾತು ಕಲಿಸಿದೆ. ಮತ್ತೊಮ್ಮೆ ಕೂಗಿದರು, ಗಂಟೆ ಬಾರಿಸಿತು, ನರ್ಸ್ ಓಡಿ ಬಂದರು. ಸರೋಜಮ್ಮನ ಮುಖ ನೋಡಬೇಕಿತ್ತು.

ಹೊರಡುವಾಗ ಬಾಗಿಲಲ್ಲಿ ನಿಂತು, ಏನಾದರೂ ತೊಂದರೆಯಾದರೆ ಫೋನ್ ಮಾಡಿಸಿ ಅಂತ ಶುರು ಮಾಡಿದೆ.

“ಬಾಗಿಲಲ್ಲಿ ನಿಲ್ಬೇಡಪ್ಪ. ರೈಟ್, ರೈಟ್!”

ನಿಲ್ಲೋ ಧೈರ್ಯ ಯಾರಿಗಿದೆ? ಹೊರಟೆ.