ಹುಲ್ಲು ಹೊದಿಸಿದ ಪೆಟ್ಟಿಗೆಗಳು

ತಂಗಿ ನನಗೆ ಮೂರು ಮಾತು ಹೇಳಿ ಹೋಗಿದ್ದಳು. ಬೀಜದ ಮೇಲೆ ಮಣ್ಣು ಹಾಕಬೇಡ, ಹುಲ್ಲು ಮುಚ್ಚಬೇಡ, ಬೆಳಗಿನ ಎಳೆಬಿಸಿಲಿಗೆ ಪೆಟ್ಟಿಗೆಗಳನ್ನು ಇಡು. ಮೂರರಲ್ಲಿ ಒಂದನ್ನೂ ನಾನು ನಡೆಸಲಿಲ್ಲ. ನಡೆಸದೆ ಹೋದದ್ದಷ್ಟೇ ಅಲ್ಲ, ಆಮೇಲೆ ಆ ತಪ್ಪನ್ನು ಅವಳ ತಲೆಗೇ ಕಟ್ಟಿದೆ.

ಇದನ್ನು ಕೇಳಿದವರು, "ಹೋಗ್ಲಿ ಬಿಡು ಮಾರಾಯ, ಒಂದು ಚಿಟಿಕೆ ಹೂವಿನ ಬೀಜ ತಾನೆ" ಎನ್ನುತ್ತಾರೆ. ನಾನು ಬಿಡುವುದಿಲ್ಲ. ಹಾಗೆನ್ನುವವರು ಒಂದು ಸಲ ಅಂಥ ಚಿಟಿಕೆಯ ಮೇಲೆ ತಮ್ಮ ಬದುಕನ್ನು ಇಟ್ಟು ನೋಡಲಿ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ತಿಳಿಯಲಿಲ್ಲ ಎಂದು ತಪ್ಪಿಸಿಕೊಳ್ಳುವುದೂ ಇಲ್ಲ. ತಂಗಿಯೂ ಶಾಲೆ ಬಿಟ್ಟದ್ದು ಮೂರನೇ ಕ್ಲಾಸಿಗೇ.

ಎಪ್ಪತ್ತರ ದಶಕದ ಕೊನೆಯ ಮಾತು. ಜಾವಳಿಯ ಮೇಲಿನ ಒಂದು ಎಸ್ಟೇಟಿನಲ್ಲಿ ಆಳುಗಳ ಲೈನ್ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನನಗೆ ಕಾಫಿ ನರ್ಸರಿಯಲ್ಲಿ ಕೆಲಸ. ತಂಗಿಗೆ ಇಪ್ಪತ್ತು ವರ್ಷ. ಅದರ ಹಿಂದಿನ ವರ್ಷ ಕಣದಲ್ಲಿ ಪೇರಿಸಿಟ್ಟ ಕಾಫಿ ಮೂಟೆ ಜಾರಿ ಬಿದ್ದು ಅವಳ ಬಲಮೊಣಕಾಲು ಮಡಚದ ಹಾಗೆ ಆಗಿತ್ತು. ಏರಿನಲ್ಲಿ ನಿಂತು ಹಣ್ಣು ಕೊಯ್ಯಲು ಆಗದವಳಿಗೆ ಎಸ್ಟೇಟಿನಲ್ಲಿ ಕೆಲಸವಿಲ್ಲ. ಸಮತಟ್ಟಾದ ನೆಲದಲ್ಲಿ ಮಾಡುವ ಕೆಲಸ ಒಂದೇ ಇತ್ತು, ಬಂಗಲೆಯ ಹೂದೋಟದ್ದು. ಅಲ್ಲಿದ್ದ ಮುದುಕ ಕೆಲಸ ಬಿಟ್ಟು ಹೋಗಿದ್ದ. ಬಂಗಲೆಯ ಅಮ್ಮಾವ್ರು ತಂಗಿಯನ್ನು ಕರೆಸಿ ಮೂರು ಪ್ಯಾಕೆಟ್ ಬೀಜ ಕೊಟ್ಟರು. "ಯುಗಾದಿ ಹೊತ್ತಿಗೆ ಇದ್ರಲ್ಲಿ ಹೂ ತೋರ್ಸು. ಕೆಲಸ ನಿಂದೇ" ಎಂದರು. ಪ್ಯಾಕೆಟ್ಟಿನ ಹಿಂದೆ ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಕನ್ನಡದಲ್ಲಿ ಹೇಳಿದರು. ಅವಳು ಒಂದು ಮಾತೂ ಬಿಡದೆ ನೆನಪಿಟ್ಟುಕೊಂಡು ಬಂದಳು.

ಆ ಬೀಜವನ್ನು ನಾನು ಅಂಗೈಯಲ್ಲಿ ಹಾಕಿಕೊಂಡು ನೋಡಿದೆ. ನಶ್ಯದ ಪುಡಿಯ ಹಾಗಿತ್ತು. ತಂಗಿ ಹಣ್ಣಿನ ಪೆಟ್ಟಿಗೆಗಳಿಗೆ ಜರಡಿ ಹಿಡಿದ ಕಾಡುಮಣ್ಣು, ಮರಳು, ಹಳೇ ಗೊಬ್ಬರ ತುಂಬಿದಳು. ಬೀಜಕ್ಕೆ ಒಣಮರಳು ಬೆರೆಸಿ ಮೇಲೆ ಉದುರಿಸಿ, ಹಲಗೆಯಿಂದ ಮೆಲ್ಲಗೆ ಒತ್ತಿದಳು. ಸೂಜಿಯಲ್ಲಿ ತೂತು ಮಾಡಿದ ಕರಟದಿಂದ ನೀರು ಚಿಮುಕಿಸಿದಳು. ಎರಡೇ ದಿನದಲ್ಲಿ ಸಂಸೆಯಿಂದ ಹೇಳಿಕಳಿಸಿದರು, ಚಿಕ್ಕಮ್ಮ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಾಳೆ ಎಂದು. ತಂಗಿ ಹೊರಡಲೇಬೇಕಾಯಿತು.

"ಅಣ್ಣ, ಇದು ನಿನ್ನ ಕಾಫಿ ಬೀಜ ಅಲ್ಲ, ಗೊತ್ತಾಯ್ತಾ?"

"ಹೋಗೇ ಮಾರಾಯ್ತಿ. ಸಾವಿರಗಟ್ಲೆ ಗಿಡ ಎಬ್ಸೋನಿಗೆ ನೀನು ಪಾಠ ಹೇಳ್ತೀಯಾ?"

"ಪಾಠ ಅಲ್ಲ. ಮೂರೇ ಮಾತು. ಬೆರಳು ಮಡಚ್ಕೊಂಡು ಕೇಳು."

ನಾನು ಬೆರಳು ಮಡಚಲಿಲ್ಲ, ನಕ್ಕೆ.

ಕಾಫಿ ಬೀಜ ಹಾಕುವ ಕ್ರಮವೇ ಬೇರೆ. ಚಪ್ಪಟೆ ಮುಖ ಕೆಳಗಾಗುವಂತೆ ಬೀಜವನ್ನು ಪಾತಿಯಲ್ಲಿ ಜೋಡಿಸಬೇಕು. ಬೆರಳುಗಾತ್ರ ಪುಡಿಮಣ್ಣು ಹಾಕಿ, ಮೇಲೆ ಒಣಹುಲ್ಲು ಹೊದಿಸಿ, ಚಪ್ಪರದ ನೆರಳಿನಲ್ಲಿ ದಿನಾ ನೀರು ಕೊಟ್ಟು ನಲವತ್ತು ದಿನ ಕಾಯಬೇಕು. ಹುಲ್ಲು ಹೊದಿಸದ ಪಾತಿಯನ್ನು ನಾನು ಕಂಡವನಲ್ಲ. ತಂಗಿ ಹೋದ ಮಾರನೆಯ ಬೆಳಿಗ್ಗೆ ನಮ್ಮ ಮೇಸ್ತ್ರಿ ಆ ದಾರಿಯಲ್ಲಿ ಬಂದವನು ಪೆಟ್ಟಿಗೆಗಳನ್ನು ನೋಡಿ ನಿಂತ.

"ಏನಾ, ನರ್ಸರಿಯವನ ಮನೆ ಮುಂದೆ ಬರೀ ಮಣ್ಣು ಬಿಸಿಲು ಕಾಯಿಸ್ತಾ ಕೂತಿದೆಯಲ್ಲ! ಹಪ್ಪಳ ಒಣಗ್ಸಿದ್ದೀಯಾ?"

ಜೊತೆಗಿದ್ದ ಆಳುಗಳು ನಕ್ಕರು. ಅಷ್ಟು ಸಾಕಾಯಿತು ನನಗೆ. ಸಂಜೆ ಕೆಲಸದಿಂದ ಬಂದವನೇ ಪೆಟ್ಟಿಗೆಗಳಿಗೆ ಬೆರಳುಗಾತ್ರವಲ್ಲದಿದ್ದರೂ ಒಂದು ಪದರ ಮಣ್ಣು ಉದುರಿಸಿದೆ, ನರ್ಸರಿಯಿಂದ ತಂದ ಹುಲ್ಲು ಹೊದಿಸಿದೆ, ಸೂರಿನ ಕೆಳಗೆ ನೆರಳಿಗೆ ಸರಿಸಿದೆ. ತಂಗಿ ಬಂದಾಗ ಹುಲ್ಲು ಎತ್ತಿ ತೋರಿಸಿ, ನೋಡಿದ್ಯಾ ಎನ್ನಬೇಕೆಂದು ಆಸೆಯಿತ್ತು.

ಹತ್ತನೆಯ ದಿನ ಹುಲ್ಲು ಎತ್ತಿದೆ. ಕೆಲವು ಮೊಳೆತಿದ್ದವು. ಬೆಳಕಿಗಾಗಿ ಹುಲ್ಲಿನ ಸಂದಿಯಲ್ಲಿ ಎದ್ದು ಎದ್ದು, ಬಿಳಿ ದಾರದ ಎಳೆಗಳ ಹಾಗೆ ಉದ್ದವಾಗಿ ಮಲಗಿಬಿಟ್ಟಿದ್ದವು. ಬುಡದಲ್ಲಿ ಬೂಷ್ಟು ಹಿಡಿದಿತ್ತು. ಗಾಬರಿಯಾಗಿ ಬಿಸಿಲಿಗೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಮೇಲಿನ ಮಣ್ಣು ಕೆರೆದು ಬೇಲಿಯಾಚೆ ಚೆಲ್ಲಿ, ಪೆಟ್ಟಿಗೆಗಳನ್ನು ನುಣ್ಣಗೆ ಸವರಿಟ್ಟೆ.

ತಂಗಿ ಬಂದಳು. "ಒಂದೂ ಮೊಳೀಲಿಲ್ಲ" ಎಂದೆ. ಅವಳು ಪೆಟ್ಟಿಗೆಯ ಮೂಲೆಯಲ್ಲಿ ಬೆರಳಾಡಿಸಿದಳು. ಅಲ್ಲಿ ಒಂದು ಹುಲ್ಲುಕಡ್ಡಿ ಅಂಟಿತ್ತು. ಅದನ್ನು ಕಿತ್ತು ನೋಡಿ ಕೆಳಗೆ ಹಾಕಿದಳು.

ಅಲ್ಲಿಗೆ ನಿಂತಿದ್ದರೆ ನನ್ನದು ಬರೀ ದಡ್ಡತನವಾಗುತ್ತಿತ್ತು. ಎರಡು ದಿನ ಬಿಟ್ಟು ಅಮ್ಮಾವ್ರು ಇಬ್ಬರನ್ನೂ ಕರೆಸಿದರು. ಖಾಲಿ ಪೆಟ್ಟಿಗೆಗಳ ಸುದ್ದಿ ಕೇಳಿ, "ನೀನು ನರ್ಸರಿಯವನು. ನೀನೇ ಹೇಳೋ, ಏನಾಯ್ತು?" ಎಂದರು. ಬೀಜ ಸರಿಯಿರಲಿಲ್ಲ ಎಂದರೆ ಅವರು ತರಿಸಿದ ಬೀಜವನ್ನು ಆಡಿಕೊಂಡ ಹಾಗೆ. ಮುಚ್ಚಿದ್ದು ನಾನು ಎಂದರೆ ನರ್ಸರಿಯಲ್ಲಿ ನನ್ನ ಮರ್ಯಾದೆ ಹೋಗುತ್ತದೆ. ನನ್ನ ಬಾಯಿಂದ ಬಂದದ್ದು ಇದು: "ಇವಳು ಆಳಕ್ಕೆ ಹಾಕ್ಬಿಟ್ಟಿದ್ಲು ಅಮ್ಮಾವ್ರೆ."

"ನಾನು ಆಳಕ್ಕೆ ಹಾಕ್ಲಿಲ್ಲ" ಎಂದಳು ತಂಗಿ. ನನ್ನ ಕಡೆ ನೋಡಲೂ ಇಲ್ಲ. ಅಮ್ಮಾವ್ರು ನನ್ನ ಮಾತನ್ನೇ ನಂಬಿದರು. ಕೆಲಸ ಮೂಡಿಗೆರೆಯಿಂದ ಬಂದ ಒಬ್ಬನಿಗೆ ಹೋಯಿತು.

ತಂಗಿ ಅಳಲಿಲ್ಲ. ಬಂಗಲೆಯ ಹೂದೋಟದ ಕಸ ಸುರಿಯುವ ಗುಂಡಿಯ ಬಳಿಗೆ ಕುಂಟುತ್ತ ಹೋಗಿ, ಒಣಗಿದ ಹೂವಿನ ತಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಜೀನಿಯಾ, ಕಾಸ್ಮಾಸ್, ಗೌರಿಹೂ, ಸಿಕ್ಕಿದ್ದೆಲ್ಲ. ಮನೆಯ ಮುಂದೆ ಇದ್ದ ಒಂದು ಮಾರು ಜಾಗವನ್ನು ಅಗೆಯತೊಡಗಿದಳು. ಮೇಸ್ತ್ರಿ ಬಂದ.

"ಇದು ಸೌದೆ ಪೇರ್ಸೋ ಜಾಗ. ಯಾರನ್ನ ಕೇಳಿ ಅಗೀತಿದ್ದೀಯಾ?"

"ಮಣ್ಣನ್ನ ಕೇಳ್ದೆ. ಬೇಡ ಅನ್ಲಿಲ್ಲ."

ಸೌದೆ ರಾಶಿ ಮನೆಯ ಹಿಂದಕ್ಕೆ ಹೋಯಿತು. ಆ ವರ್ಷ ಹೂಮಳೆ ಬಿದ್ದು ಕಾಫಿ ಬೆಳ್ಳಗೆ ಅರಳಿದಾಗ ನಮ್ಮ ಲೈನಿನ ಮುಂದೆ ಕೆಂಪು, ಹಳದಿ, ನೇರಳೆ ನಿಂತಿತ್ತು. ಮರುವರ್ಷದಿಂದ ಅವಳು ಸಸಿ ಎಬ್ಬಿಸಿ ಮಾರತೊಡಗಿದಳು. ಬಾಳೆಪಟ್ಟೆಯನ್ನು ಬಟ್ಟಲಿನಂತೆ ಮಡಚಿ, ಕಡ್ಡಿ ಚುಚ್ಚಿ, ಒಂದೊಂದರಲ್ಲೂ ಒಂದೊಂದು ಸಸಿ. ಸುತ್ತಲಿನ ಎಸ್ಟೇಟುಗಳ ಜನ ಜೀಪು ನಿಲ್ಲಿಸಿ ಕೊಂಡುಹೋಗುತ್ತಿದ್ದರು.

ನನ್ನನ್ನು ಮಾತ್ರ ಪೆಟ್ಟಿಗೆ ಮುಟ್ಟಲು ಬಿಡಲಿಲ್ಲ. ಜಗಳವಿಲ್ಲ, ಬೈಗುಳವಿಲ್ಲ. ಊಟ ಬಡಿಸುತ್ತಿದ್ದಳು, ಜ್ವರ ಬಂದರೆ ಕಷಾಯ ಕೊಡುತ್ತಿದ್ದಳು. ಸಂಸೆಗೆ ಹೋಗುವಾಗ ಮಾತ್ರ ನೀರು ಚಿಮುಕಿಸುವ ಕರಟವನ್ನು ಪಕ್ಕದ ಮನೆಯ ಅಜ್ಜಿಯ ಕೈಗೆ ಕೊಟ್ಟು ಹೋಗುತ್ತಿದ್ದಳು. ಅಜ್ಜಿಗೆ ಕಣ್ಣು ಮಂಜು. ಅವಳು ಕೈಯಿಂದ ತಡವಿ ತಡವಿ ಪೆಟ್ಟಿಗೆ ಹುಡುಕುವುದನ್ನು ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಹೀಗೆ ಏಳು ವರ್ಷ. ಹೇಳಿಬಿಡೋಣ ಎಂದು ಬಾಯಿ ತೆರೆದಾಗಲೆಲ್ಲ ಬೇರೇನೋ ಹೇಳಿ ಮುಚ್ಚಿಕೊಂಡೆ.

ಏಳನೆಯ ವರ್ಷ, ಯುಗಾದಿಗೆ ಮುಂಚೆ, ಅಮ್ಮಾವ್ರೇ ಜೀಪಿನಲ್ಲಿ ಬಂದಿಳಿದರು. ಅವರ ಹೂದೋಟದಲ್ಲಿ ಸಸಿಗಳು ಸತ್ತುಹೋಗಿದ್ದವು. ತಂಗಿ ಬುಟ್ಟಿಯಲ್ಲಿ ಬಾಳೆಪಟ್ಟೆಯ ಬಟ್ಟಲುಗಳನ್ನು ಜೋಡಿಸತೊಡಗಿದಳು. ಲೈನಿನ ಜನ ಸುತ್ತ ನಿಂತಿದ್ದರು, ಮೇಸ್ತ್ರಿಯೂ ಇದ್ದ.

"ಪರ್ವಾಗಿಲ್ಲ, ಚೆನ್ನಾಗಿ ಕಲ್ತಿದ್ದೀಯಾ. ಆವತ್ತು ನೋಡು, ಬೀಜ ಆಳಕ್ಕೆ ಹಾಕಿ ಹಾಳ್ಮಾಡಿದ್ದೆ" ಎಂದರು ಅಮ್ಮಾವ್ರು.

ತಂಗಿಯ ಕೈ ನಿಂತಿತು. ಬುಟ್ಟಿಯಿಂದ ಒಂದೊಂದೇ ಬಟ್ಟಲನ್ನು ಎತ್ತಿ ಮತ್ತೆ ನೆಲಕ್ಕೆ ಇಟ್ಟಳು.

"ನಾನು ಆಳಕ್ಕೆ ಹಾಕಿರ್ಲಿಲ್ಲ ಅಮ್ಮಾವ್ರೆ. ಹಾಕಿದ್ದೆ ಅನ್ನೋರಿಗೆ ನನ್ನ ಸಸಿ ಇಲ್ಲ."

ಅಮ್ಮಾವ್ರ ಮುಖ ಕೆಂಪಾಯಿತು. ಆವತ್ತಿನ ಹಾಗೆಯೇ ನನ್ನ ಕಡೆ ತಿರುಗಿದರು. "ನೀನೇ ಹೇಳಿದ್ದಲ್ವೇನೋ?"

"ಹೌದು ಅಮ್ಮಾವ್ರೆ, ನಾನೇ ಹೇಳಿದ್ದು. ಸುಳ್ಳು ಹೇಳಿದ್ದು. ಅವಳು ಸರಿಯಾಗೇ ಹಾಕಿದ್ಲು. ಮಣ್ಣು ಹಾಕಿದ್ದು ನಾನು, ಹುಲ್ಲು ಮುಚ್ಚಿದ್ದು ನಾನು, ಬಿಸಿಲಿಗೆ ಇಡದೆ ಹೋದದ್ದೂ ನಾನು."

ಹೇಳುವಾಗ ನನಗೇ ತಿಳಿಯದೆ ಮೂರು ಬೆರಳು ಮಡಚಿದ್ದೆ. ತಂಗಿ ಅದನ್ನೇ ನೋಡುತ್ತಿದ್ದಳು. ಮೇಸ್ತ್ರಿ ನಗಲಿ, ಲೈನೆಲ್ಲ ನಗಲಿ ಎಂದುಕೊಂಡು ಅವಳ ಮುಂದೆ ಹೋಗಿ ನಿಂತೆ.

"ತಪ್ಪಾಯ್ತು ತಂಗಿ. ನಿನ್ನ ಬೀಜ ಕೊಂದೆ, ನಿನ್ನ ಹೆಸ್ರೂ ಕೆಡಿಸ್ದೆ. ನನ್ನ ಕ್ಷಮಿಸು."